ರೋಡ್‌ಕಿಂಗ್‌ನ ಪಕ್ಕದ ಪೆಟ್ಟಿಗೆ

ಗುಂಡ್ಲುಪೇಟೆಯಲ್ಲಿ ರಸ್ತೆ ಕವಲೊಡೆಯುತ್ತದೆ. ಮೈಸೂರಿನಿಂದ ನಂಜನಗೂಡು, ಬೇಗೂರು ಹಾದು ಸುಮಾರು 60 ಕಿಲೋಮೀಟರು ಬಂದ ಹೆದ್ದಾರಿ ಇಲ್ಲಿ ಎರಡಾಗಿ, ಒಂದು ಮದ್ದೂರು, ಮೂಲೆಹೊಳೆಯ ಮೇಲೆ ವಯನಾಡಿಗೆ ಹೋಗುತ್ತದೆ, ಇನ್ನೊಂದು ಮೇಲುಕಾಮನಹಳ್ಳಿ, ಬಂಡೀಪುರದ ಮೇಲೆ ಊಟಿಗೆ. ಎರಡೂ ಸ್ವಲ್ಪ ದೂರದಲ್ಲೇ ಕಾಡಿನೊಳಕ್ಕೆ ನುಗ್ಗುತ್ತವೆ. 2009ರಿಂದ ಈಚೆಗೆ ರಾತ್ರಿ 9ರಿಂದ ಬೆಳಗಿನ 6ರವರೆಗೆ ಈ ಎರಡು ದಾರಿಗೂ ಗೇಟು ಬೀಳುತ್ತದೆ. ಹಗಲಲ್ಲಿ ಬಿಟ್ಟರೂ ಕಾಡಿನ ನಡುವೆ ಗಾಡಿ ನಿಲ್ಲಿಸಬಾರದು, ಇಳಿಯಬಾರದು. ಅದು ಆನೆ, ಕಾಟಿ, ಜಿಂಕೆಗಳ ಮನೆ, ನಾವು ಹಾದುಹೋಗುವವರು. ಈ ಕಟ್ಟುಪಾಡು ಸರಿಯಾದದ್ದು ಎಂದೇ ನನ್ನ ಎಣಿಕೆ. ಆದರೆ ಹಳೆಯ ಗಾಡಿ ಇಟ್ಟುಕೊಂಡವನ ಮೇಲೆ ಅದೊಂದು ಹೊಣೆ ಹೊರಿಸುತ್ತದೆ. ಕೆಡುವುದೇನಿದ್ದರೂ ಗುಂಡ್ಲುಪೇಟೆಯಿಂದ ಈಚೆಗೇ ಕೆಟ್ಟು, ಈಚೆಗೇ ಸರಿಹೋಗಬೇಕು.

ಹಾಗಾಗಿ ಈ ಊರಿನಲ್ಲಿ ಎಲ್ಲರೂ ನಿಲ್ಲುತ್ತಾರೆ. ಕಾರಿನವರು ಟೀಗೆ, ತಿಂಡಿಗೆ, ಮಕ್ಕಳಿಗೆ ಬಾಯಾಡಿಸಲು ಏನಾದರೂ ಕೊಳ್ಳುವುದಕ್ಕೆ. ಲಾರಿಯವರು ಚಕ್ರಗಳನ್ನು ಒಂದೊಂದಾಗಿ ತಟ್ಟಿ ಸದ್ದು ಕೇಳುವುದಕ್ಕೆ. ಹಳೆಯ ಮೋಟಾರು ಬೈಕಿನವರು ಮಾತ್ರ ಮರದ ನೆರಳು ನೋಡಿ ಸ್ಟ್ಯಾಂಡ್ ಹಾಕಿ, ಮಂಡಿಯೂರಿ, ಸೀಟಿನ ಕೆಳಗಿನ ಪಕ್ಕದ ಪೆಟ್ಟಿಗೆಯ ಮುಚ್ಚಳ ತೆಗೆಯುತ್ತಾರೆ. ನಾನು ಹೇಳಹೊರಟಿರುವುದು ಆ ಪೆಟ್ಟಿಗೆಯ ವಿಷಯ.

ಊರಿನಿಂದ ಹೊರಡುವ ಇನ್ನೊಂದು ರಸ್ತೆ ಪೂರ್ವಕ್ಕೆ ತೆರಕಣಾಂಬಿಯ ಮೇಲೆ ಚಾಮರಾಜನಗರಕ್ಕೆ ಬರುತ್ತದೆ. ನಮ್ಮ ಮನೆ ಇರುವುದು ಆ ರಸ್ತೆಯ ಕೊನೆಗೆ. ಗಾಡಿ ಬಂದದ್ದೂ ಅದೇ ರಸ್ತೆಯಲ್ಲಿ, ಸೋದರಮಾವನ ಮನೆಯಿಂದ. ಮಾವ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಹಂಗಳ, ಕಬ್ಬಹಳ್ಳಿ, ತೆರಕಣಾಂಬಿ ಸುತ್ತಿನ ಹಳ್ಳಿಗಳಿಗೆಲ್ಲ ಅವರು ಹೋಗುತ್ತಿದ್ದದ್ದು ಯೆಜ್ಡಿ ರೋಡ್‌ಕಿಂಗ್ ಮೇಲೆ. ಹ್ಯಾಂಡಲ್ಲಿಗೆ ನೇತುಹಾಕಿದ ಚೀಲದಲ್ಲಿ ದನಗಳ ಮದ್ದು, ಪಕ್ಕದ ಪೆಟ್ಟಿಗೆಯಲ್ಲಿ ಗಾಡಿಯ ಮದ್ದು. ಎರಡು ಸೈಲೆನ್ಸರುಗಳ ಆ ಸದ್ದು ಊರಾಚೆಯಿಂದ ಕೇಳುತ್ತಿದ್ದಂತೆ ದನ ಕಟ್ಟಿಕೊಂಡು ಬರುವವರು ಬರುತ್ತಿದ್ದರು. ವಯಸ್ಸಾಗಿ ಕಿಕ್ಕರ್ ತುಳಿಯಲು ಮಂಡಿ ಒಪ್ಪದಾದಾಗ ಗಾಡಿ ನನ್ನ ಪಾಲಿಗೆ ಬಂತು.

ಇದು ನಮ್ಮ ಜಿಲ್ಲೆಯಲ್ಲೇ ತಯಾರಾದ ಗಾಡಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಇದ್ದದ್ದು ಮೈಸೂರಿನಲ್ಲಾದರೂ 1997ರವರೆಗೆ ಚಾಮರಾಜನಗರ, ಗುಂಡ್ಲುಪೇಟೆ ಎರಡೂ ಮೈಸೂರು ಜಿಲ್ಲೆಯ ತಾಲ್ಲೂಕುಗಳೇ. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಒಪ್ಪಂದದಲ್ಲಿ 1960ರ ದಶಕದ ಆರಂಭದಲ್ಲಿ ಅಲ್ಲಿ ಜಾವಾ 250 ತಯಾರಾಗತೊಡಗಿತು. 1973ರಿಂದ ಅದೇ ಗಾಡಿಗೆ ಯೆಜ್ಡಿ ಎಂಬ ಹೆಸರು. ರೋಡ್‌ಕಿಂಗ್ ಬಂದದ್ದು 1978ರಲ್ಲಿ. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು, ಮರುವರ್ಷ ಜಿಲ್ಲೆಯೂ ಇಬ್ಭಾಗವಾಯಿತು. ಗಾಡಿಗಳು ಮಾತ್ರ ಎರಡೂ ಕಡೆ ಉಳಿದುಕೊಂಡವು. ನಮ್ಮ ಕಡೆ ಸ್ಪೋರ್ಟ್ಸ್ ಕಾರು ಎಂದು ಕರೆಯಬಹುದಾದದ್ದು ರಸ್ತೆಯಲ್ಲಿ ಕಂಡದ್ದು ಅಪರೂಪ. ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ತನ್ನ ಇಡೀ ಬಾನೆಟ್ಟನ್ನು ಮುಂದಕ್ಕೆ ಮಗುಚಿ ನಿಂತರೆ ಜನ ಸೇರುತ್ತಿದ್ದರು. ಬೆಂಗಳೂರಿನ ಸಿಪಾನಿ ಡಾಲ್ಫಿನ್ ಫೈಬರ್ ಮೈಯ ಪುಟ್ಟ ಕಾರು, ರ‍್ಯಾಲಿಗಳಲ್ಲಿ ಓಡಿ ಹೆಸರು ಮಾಡಿತು. ಮಿಕ್ಕಂತೆ ವೇಗದ ಆಸೆ, ಏರು ಹತ್ತುವ ಆಸೆ ಎಲ್ಲವನ್ನೂ ಹೊತ್ತುಕೊಂಡದ್ದು ಈ 250 ಸಿಸಿಯ ಟೂ-ಸ್ಟ್ರೋಕ್ ಎಂಜಿನ್ನು.

ಗಾಡಿ ಮನೆಗೆ ಬಂದ ದಿನ ಪೆಟ್ಟಿಗೆ ತೆಗೆದೆ. ಎಣ್ಣೆ ಕುಡಿದು ಕಪ್ಪಾಗಿ ಬಿರುಸಾದ ರೆಕ್ಸಿನ್ ಚೀಲದಲ್ಲಿ ಪ್ಲಗ್ ಸ್ಪ್ಯಾನರಿನ ಕೊಳವೆ, ಹಿಡಿ ಒಡೆದ ತಿರುಪುಳಿ, ಮಡಚಿ ಮಡಚಿ ಬಟ್ಟೆಯಂತಾದ ಉಪ್ಪುಕಾಗದ. ಅಷ್ಟೇ. ಮಿಕ್ಕದ್ದೆಲ್ಲಿ ಎಂದು ಮಾವನನ್ನು ಕೇಳಿದೆ. ಅವರು ಜಗುಲಿಯ ಮೇಲೆ ಕೂತು, ಯಾರ ಮನೆಯ ಹಸು ಯಾವಾಗ ಕರು ಹಾಕಿತೆಂದು ಹೇಳುವಷ್ಟೇ ಸಲೀಸಾಗಿ ಹೇಳುತ್ತ ಹೋದರು. 14-17ರ ಸ್ಪ್ಯಾನರು ಪಕ್ಕದ ಹೊಲದವರ ಪಂಪ್‌ಸೆಟ್ ಮನೆಯಲ್ಲಿದೆ. ಕಟಿಂಗ್ ಪ್ಲೇಯರು ಹಿಟ್ಟಿನ ಮಿಲ್ಲಿನವನ ಬಳಿ. ಟೈರ್ ಲಿವರ್ ಒಂದು ತಮ್ಮದೇ ಹಿತ್ತಿಲ ಬಾಗಿಲಿನ ಅಗುಳಿಯಾಗಿದೆ. ಇನ್ನೊಂದನ್ನು ಕೇರಳದ ಅರಿಶಿನ ವ್ಯಾಪಾರಿಯೊಬ್ಬನಿಗೆ ದಾರಿಯಲ್ಲಿ ಕೊಟ್ಟದ್ದು, ಅವನು ಪಂಕ್ಚರಾಗಿ ನಿಂತಿದ್ದ.

“ಯಾವ್ದೂ ಕಳ್ದೋಗಿಲ್ಲ ಕನ ಮಗ,” ಎಂದರು, “ಎಲ್ಲ ಅವ್ರವ್ರ ಮನೇಲಿ ಅದ.”

ಹೋಗಿ ಕೇಳಿದ್ದರೆ ಕೊಡುತ್ತಿದ್ದರೋ ಏನೋ. ನಾನು ಕೇಳಲಿಲ್ಲ. ಅಷ್ಟು ವರ್ಷ ಪಂಪ್‌ಸೆಟ್ ಬಿಚ್ಚಿ ಕಟ್ಟಿದ ಸ್ಪ್ಯಾನರು ಆ ಪಂಪ್‌ಸೆಟ್ಟಿನದೇ. ಹಿತ್ತಿಲ ಬಾಗಿಲ ಅಗುಳಿಯನ್ನು ಕೀಳುವುದು ಇನ್ನೂ ಸಲ್ಲದು. ಹಾಗಾಗಿ ಚೀಲವನ್ನು ಹೊಸದಾಗಿ ತುಂಬಿಸುವ ಕೆಲಸ ಶುರುವಾಯಿತು. ನನಗೆ ಅದರಷ್ಟು ಹಿತವಾದ ಕೆಲಸ ಈಚಿನ ವರ್ಷಗಳಲ್ಲಿ ಬೇರೊಂದು ಸಿಕ್ಕಿಲ್ಲ.

ಗಾಡಿಯ ಜೊತೆ ಹತಾರ ಒಯ್ಯುವುದು ಮೋಟಾರು ತಂದ ಪದ್ಧತಿಯಲ್ಲ. ಎತ್ತಿನ ಗಾಡಿಯ ಅಡಿಯಲ್ಲಿ ಕೀಲೆಣ್ಣೆಯ ಬಿದಿರು ಗೊಟ್ಟ ತೂಗುತ್ತಿದ್ದುದನ್ನು ನಮ್ಮ ಕಡೆಯ ಹಿರಿಯರು ಈಗಲೂ ನೆನೆಯುತ್ತಾರೆ. ಜೊತೆಗೊಂದು ಹೆಚ್ಚಿನ ಕಡಾಣಿ, ಒಂದು ಉದ್ದನೆಯ ಹಗ್ಗ, ಮಚ್ಚು. ಅಚ್ಚು ಕಿರುಗುಟ್ಟಿದರೆ ಎಣ್ಣೆ, ಕಡಾಣಿ ಬಿದ್ದರೆ ಕಡಾಣಿ, ನೊಗ ಸಡಿಲವಾದರೆ ಹಗ್ಗ. ಇಷ್ಟರಲ್ಲಿ ಚಾಮರಾಜನಗರದಿಂದ ನಂಜನಗೂಡಿನ ಜಾತ್ರೆಗೆ ಹೋಗಿ ಬರುತ್ತಿದ್ದರು. ಏನು ಕೆಡಬಹುದು ಎಂಬುದನ್ನು ಬಲ್ಲವನು ಏನು ಒಯ್ಯಬೇಕು ಎಂಬುದನ್ನೂ ಬಲ್ಲ. ಗಾಡಿ ಮಾಡಿದ ಬಡಗಿಗೂ ಹೊಡೆಯುವ ರೈತನಿಗೂ ಆ ವಿಷಯದಲ್ಲಿ ಭೇದವಿರಲಿಲ್ಲ. ಮೈಸೂರಿನ ಕಾರ್ಖಾನೆಯವರು ಗಾಡಿಯ ಪಕ್ಕಕ್ಕೆ ಪೆಟ್ಟಿಗೆ ಕೂರಿಸಿ, ಅದರೊಳಗೆ ಚೀಲವಿಟ್ಟು ಕೊಟ್ಟಾಗ ಓಡಿಸುವವನನ್ನು ಅದೇ ರೀತಿ ಕಂಡರು. ಇವನಿಗೆ ಕೈಯಿದೆ, ಕೈಗೆ ಬುದ್ಧಿಯಿದೆ, ಇವನು ಬಿಚ್ಚಿ ಕಟ್ಟಬಲ್ಲ ಎಂಬ ನಂಬಿಕೆ ಆ ಚೀಲದಲ್ಲಿತ್ತು. ಇಂದಿನ ಎಷ್ಟೋ ಕಾರುಗಳಲ್ಲಿ ಸ್ಟೆಪ್ನಿಯೂ ಇಲ್ಲ, ಬದಲಿಗೆ ಗಾಳಿ ತುಂಬುವ ಪುಟ್ಟ ಯಂತ್ರ, ಅಂಟಿನ ಬಾಟಲಿ ಮತ್ತು ಫೋನ್ ನಂಬರು. ಅನುಕೂಲವಿರಬಹುದು. ನನಗಂತೂ ಆ ಹಳೆಯ ನಂಬಿಕೆಯೇ ಹೆಚ್ಚು ಗೌರವದ್ದಾಗಿ ಕಾಣುತ್ತದೆ.

ಮೊದಲು ಸ್ಪ್ಯಾನರು. ಚಾಮರಾಜನಗರದ ಹಾರ್ಡ್‌ವೇರ್ ಅಂಗಡಿಯಲ್ಲಿ ಸೆಟ್ಟು ಕೇಳಿದರೆ ಫಳಫಳ ಹೊಳೆಯುವ ಪ್ಯಾಕೆಟ್ಟು ತೆಗೆದಿಟ್ಟರು. ಆದರೆ ಜಾವಾದ ವಂಶಕ್ಕೆ ತನ್ನದೇ ಅಳತೆಗಳುಂಟು. 10, 14, 17, 19 ಇವು ಮನೆಯವರು. 12 ಅಪರೂಪದ ನೆಂಟ. 8 ಮಿಲಿಮೀಟರಿನ ಬೋಲ್ಟಿಗೆ ಹಳೆಯ ಯುರೋಪಿನ ಕ್ರಮದಲ್ಲಿ 14ರ ತಲೆಯಿರುತ್ತಿತ್ತು, ಆಮೇಲೆ ಜಗತ್ತು 13ಕ್ಕೆ ಇಳಿಯಿತು, ಜಪಾನಿನವರು 12 ಮಾಡಿಕೊಂಡರು. ಒಂದು ಬೋಲ್ಟಿನ ತಲೆ ನೋಡಿ ಅದು ಯಾವ ಕಾಲದ್ದು, ಯಾವ ದೇಶದ ಪದ್ಧತಿಯದು ಎಂದು ಹೇಳಿಬಿಡಬಹುದು. ಅಂಬಾಸಡರ್, ಹೆರಾಲ್ಡ್, ಬುಲೆಟ್‌ಗಳು ಇಂಗ್ಲೆಂಡಿನಿಂದ ಇಂಚನ್ನು ತಂದವು. ಮೆಟ್ರಿಕ್ ಕಾನೂನು ನಮ್ಮಲ್ಲಿ ಬಂದದ್ದು 1956ರಲ್ಲಿ; ಅದರ ಬೆನ್ನಿಗೇ ಬಂದ ಜಾವಾ ಹುಟ್ಟಾ ಮಿಲಿಮೀಟರಿನ ಗಾಡಿ. ಒಂದೇ ವರ್ಕ್‌ಶಾಪಿನ ಗೋಡೆಯ ಮೇಲೆ ಎರಡು ಸಾಲು ಮೊಳೆ ಹೊಡೆದು, ಮೇಲಿನ ಸಾಲಿಗೆ ಇಂಚಿನವು, ಕೆಳಗಿನ ಸಾಲಿಗೆ ಎಂಎಂನವು ಎಂದು ತೂಗುಹಾಕಿದ್ದ ಮೆಕ್ಯಾನಿಕ್‌ಗಳು ನಮ್ಮ ಊರುಗಳಲ್ಲಿದ್ದರು.

ಹೊಸ ಸೆಟ್ಟು ಬಿಟ್ಟು ಗುಜರಿ ಅಂಗಡಿಗಳತ್ತ ಹೋದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗಗಳ ಅಂಗಡಿಗಳ ಸಾಲಿದೆ, ಭಾನುವಾರ ಕೆ.ಆರ್. ಮಾರ್ಕೆಟ್ಟಿನ ಸುತ್ತ ಹರಡುವ ಸಂಡೇ ಬಜಾರಿನಲ್ಲಿ ಗೋಣಿಯ ಮೇಲೆ ಕಬ್ಬಿಣ ಹರವಿಕೊಂಡು ಕೂರುವವರಿದ್ದಾರೆ. ಅಲ್ಲಿ ಕುಕ್ಕರುಗಾಲಿನಲ್ಲಿ ಕೂತು ಒಂದೊಂದೇ ಸ್ಪ್ಯಾನರನ್ನು ಕೈಗೆತ್ತಿಕೊಂಡು ನೋಡುವುದಿದೆಯಲ್ಲ, ಅದಕ್ಕೆ ಅವಸರ ಕೂಡದು. ಒಳ್ಳೆಯ ಕಬ್ಬಿಣಕ್ಕೆ ಒಂದು ತೂಕವಿದೆ. ಅಚ್ಚಿನಲ್ಲಿ ಬಡಿದು ಮಾಡಿದ ಸ್ಪ್ಯಾನರಿನ ಬೆನ್ನ ಮೇಲೆ ಬೆರಳಾಡಿಸಿದರೆ ಅಂಚು ದುಂಡಗೆ ಸಿಗುತ್ತದೆ. ತಗಡು ಕತ್ತರಿಸಿ ಮಾಡಿದ್ದರ ಅಂಚು ಚೂಪು. ಬಾಯಿ ಅಗಲಿಸಿದ್ದರೆ ಬೇಡ. ಯಾರೋ ಅದನ್ನು ಸುತ್ತಿಗೆ ಮಾಡಿಕೊಂಡಿದ್ದರೆ ಬೇಡ. ಇನ್ನೊಂದು ಸ್ಪ್ಯಾನರನ್ನು ಸಿಕ್ಕಿಸಿ ಉದ್ದ ಮಾಡಿ ಎಳೆದ ಗುರುತಿದ್ದರೂ ಬೇಡ.

ತೆರೆದ ಬಾಯಿಯ ಸ್ಪ್ಯಾನರನ್ನು ನೆಟ್ಟಗೆ ಹಿಡಿದು ನೋಡಿ. ಬಾಯಿ ಹಿಡಿಯ ನೇರಕ್ಕಿರುವುದಿಲ್ಲ, 15 ಡಿಗ್ರಿಯಷ್ಟು ಓರೆಯಾಗಿರುತ್ತದೆ. ಇಕ್ಕಟ್ಟಿನಲ್ಲಿ ನಟ್ಟನ್ನು ಸ್ವಲ್ಪ ತಿರುಗಿಸಿ, ಸ್ಪ್ಯಾನರನ್ನು ಮಗುಚಿ ಹಾಕಿ, ಮತ್ತೆ ಸ್ವಲ್ಪ ತಿರುಗಿಸಬಹುದು. ನೆಟ್ಟನೆಯ ಬಾಯಿಗೆ 60 ಡಿಗ್ರಿ ಜಾಗ ಬೇಕಿದ್ದರೆ ಓರೆ ಬಾಯಿಗೆ 30 ಡಿಗ್ರಿ ಸಾಕು. ಕಾರ್ಬೊರೇಟರಿನ ಹಿಂದೆ ಬೆರಳೇ ಹೋಗದ ಜಾಗದಲ್ಲಿ ಕೆಲಸ ಮಾಡಿದವರಿಗೆ ಈ ಓರೆಯ ಬೆಲೆ ಗೊತ್ತು. ಉದ್ದದಲ್ಲೂ ಒಂದು ಲೆಕ್ಕವಿದೆ. 10ರ ಸ್ಪ್ಯಾನರು ಗಿಡ್ಡ, 19ರದು ಉದ್ದ. ಸಣ್ಣ ಬೋಲ್ಟಿಗೆ ತಡೆಯುವಷ್ಟೇ ಬಲ ಕೈಯಿಂದ ಹೋಗಲಿ ಎಂದು ಉದ್ದವನ್ನೇ ಕಡಿಮೆ ಮಾಡಿದ್ದಾರೆ. ಟಾರ್ಕ್ ರೆಂಚ್ ಇಲ್ಲದ ಕಾಲದಲ್ಲಿ, ದಾರಿಬದಿಯಲ್ಲಿ, ಬಲ್ಲವರಿಲ್ಲದ ಕಡೆ, ಇಷ್ಟು ಸಾಕು ನಿಲ್ಲಿಸು ಎಂದು ಹತಾರವೇ ಹೇಳುವಂತೆ ಮಾಡಿದವರ ಜಾಣತನಕ್ಕೆ ನಾನು ಮಾರುಹೋಗಿದ್ದೇನೆ.

ಪ್ಲಗ್ಗಿನ ಸಂಸಾರಕ್ಕೆ ಬರೋಣ. ಟೂ-ಸ್ಟ್ರೋಕ್ ಗಾಡಿಯಲ್ಲಿ ಎಂಜಿನ್ ಆಯಿಲ್ಲಿಗೆ ಬೇರೆ ಮನೆಯಿಲ್ಲ, ಪೆಟ್ರೋಲಿನಲ್ಲೇ ಕಲಸಬೇಕು. ಲೀಟರಿಗೆ 40 ಮಿಲಿಲೀಟರು ಎಂಬುದು ಹಳೆಯ ಲೆಕ್ಕ. ಸುಟ್ಟ ಎಣ್ಣೆಯ ಮಸಿ ಪ್ಲಗ್ಗಿನ ಬಾಯಿಗೆ ಕೂತು, ಒಮ್ಮೊಮ್ಮೆ ಕೂದಲೆಳೆಯಷ್ಟು ಕರಿ ಎರಡು ತುದಿಗಳ ನಡುವೆ ಸೇತುವೆ ಕಟ್ಟಿಬಿಡುತ್ತದೆ. ಕಿಡಿ ಹಾರುವುದಿಲ್ಲ, ಗಾಡಿ ಮೌನ. ಇಡೀ ಯಂತ್ರ ಗಟ್ಟಿಮುಟ್ಟಾಗಿದ್ದೂ ಒಂದು ಎಳೆ ಮಸಿಯಿಂದ ನಿಂತುಬಿಡುವ ಇಂಥ ಹೊತ್ತಿಗೆಂದೇ ಪ್ಲಗ್ ಸ್ಪ್ಯಾನರು ಹುಟ್ಟಿದ್ದು. ಅದೊಂದು 21ರ ಕೊಳವೆ, ತಲೆಯಲ್ಲಿ ತೂತು, ತೂತಿಗೆ ತೂರಿಸಲು ಒಂದು ಸಲಾಕೆ. ಮಾವನ ಚೀಲದಲ್ಲಿ ಉಳಿದುಕೊಂಡಿದ್ದ ಮೂರು ವಸ್ತುಗಳಲ್ಲಿ ಇದೂ ಒಂದಾಗಿತ್ತು ಎಂಬುದರಲ್ಲಿ ನನಗೆ ಆಶ್ಚರ್ಯವೇನಿಲ್ಲ. ಮಿಕ್ಕದ್ದನ್ನೆಲ್ಲ ಕೊಟ್ಟರೂ ಇದನ್ನು ಕೊಡಲಾಗದು. ಸಲಾಕೆ ಹೋಗಿತ್ತು, ಗಟ್ಟಿ ಕಬ್ಬಿಣದ ಸರಳನ್ನು ಅಳತೆಗೆ ಕತ್ತರಿಸಿ ತುದಿ ಉಜ್ಜಿಸಿಕೊಂಡೆ.

ಜೊತೆಗೆ ಒಂದು ಹೊಸ ಪ್ಲಗ್ಗು. ನಮ್ಮ ಕಡೆ ಪ್ಲಗ್ ಎಂದರೆ ಮೈಕೋ. 1951ರಲ್ಲಿ ಆರಂಭವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೇರೂರಿದ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಾಯಿಸಿಕೊಂಡರೂ ಗುಂಡ್ಲುಪೇಟೆಯ ಕೌಂಟರಿನಲ್ಲಿ “ಮೈಕೋ ಪ್ಲಗ್ ಕೊಡಿ” ಎಂದರೇ ತೆಗೆದುಕೊಡುತ್ತಾರೆ. ಹೊಸ ಪ್ಲಗ್ಗನ್ನು ಡಬ್ಬಿಯಲ್ಲೇ ಇಡಬಾರದು, ಡಬ್ಬಿ ನೆನೆಯುತ್ತದೆ. ಬಾಯಿಯ ಸಂದು 0.6 ಮಿಲಿಮೀಟರಿಗೆ ಹೊಂದಿಸಿ, ಎಣ್ಣೆ ಸೋಕಿಸಿದ ಬಟ್ಟೆಯಲ್ಲಿ ಸುತ್ತಿ, ಹಳೆಯ ಔಷಧಿ ಡಬ್ಬಿಯೊಳಗೆ ಹಾಕಿ ಮುಚ್ಚಳ ಬಿಗಿಯಬೇಕು. ಮಾವನ ಮನೆಯಲ್ಲಿ ಔಷಧಿ ಡಬ್ಬಿಗೆ ಬರವಿರಲಿಲ್ಲ.

ಆ ಸಂದನ್ನು ಅಳೆಯಲು ಫೀಲರ್ ಗೇಜ್. ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ತೆಳು ಉಕ್ಕಿನ ಎಲೆಗಳು, ಒಂದೊಂದರ ಮೇಲೂ ಅದರ ದಪ್ಪದ ಅಂಕಿ. ಎಂಜಿನ್ನಿನ ಪಕ್ಕದ ಕವರು ಬಿಚ್ಚಿದರೆ ಒಳಗೆ ಡೈನಮೋ, ಅದರ ಮಗ್ಗುಲಿಗೆ ಕಿಡಿಯ ಹೊತ್ತು ಗೊತ್ತುಮಾಡುವ ಪಾಯಿಂಟು. ಪಾಯಿಂಟು ಪೂರ್ತಿ ತೆರೆದಾಗ 0.4 ಮಿಲಿಮೀಟರಿನ ಎಲೆ ಹಗುರವಾಗಿ ಸವರಿಕೊಂಡು ಹೋಗಬೇಕು. ತಡೆಯಲೂಬಾರದು, ಸಡಿಲವಾಗಿ ಆಡಲೂಬಾರದು. ಬೆರಳ ತುದಿಗೆ ಆ ಸವರಿಕೆ ಗೊತ್ತಾದ ಕ್ಷಣ ಸಿಗುವ ಸುಖವನ್ನು ಬೇರೆ ಯಾವುದರ ಜೊತೆಗೂ ಹೋಲಿಸಲಾರೆ. ಪಾಯಿಂಟು ಕಪ್ಪಾಗಿದ್ದರೆ ಉಪ್ಪುಕಾಗದದಿಂದ ಒಂದೆರಡು ಬಾರಿ ಎಳೆದು, ಪೆಟ್ರೋಲು ಸೋಕಿದ ಬಟ್ಟೆಯಿಂದ ಒರೆಸಬೇಕು. ಉಪ್ಪುಕಾಗದ ಬೆರಳಗಲ ಸಾಕು. ಫೀಲರ್ ಗೇಜು ಕಂಪನಿ ಕೊಟ್ಟದ್ದಲ್ಲ, ನಾನು ಸೇರಿಸಿದ್ದು. ಮಾವ ಹಳೆಯ ಪೋಸ್ಟ್ ಕಾರ್ಡನ್ನು ತೂರಿಸಿ ನೋಡುತ್ತಿದ್ದರಂತೆ, ಮತ್ತು ಗಾಡಿ ಎಂದೂ ತಕರಾರು ಮಾಡಿರಲಿಲ್ಲ.

ಟೈರಿನ ಹತಾರಗಳ ಬಗ್ಗೆ ಬರೆಯುವಾಗ ಈ ಗಾಡಿಯ ಒಂದು ಗುಣವನ್ನು ಹೊಗಳದೆ ಮುಂದೆ ಹೋಗಲಾರೆ. ಹಿಂದಿನ ಚಕ್ರ ಕಳಚಬೇಕಾದರೆ ಚೈನಿಗೆ ಕೈ ಹಚ್ಚಬೇಕಿಲ್ಲ. ಅಚ್ಚಿನ ಸಲಾಕೆಯನ್ನು ಪಕ್ಕಕ್ಕೆ ಎಳೆದರೆ ಚಕ್ರ ರಬ್ಬರಿನ ತುಂಡುಗಳಿಂದ ಬಿಡಿಸಿಕೊಂಡು ಹೊರಬರುತ್ತದೆ. ಹಲ್ಲಿನ ಚಕ್ರ, ಚೈನು ತಮ್ಮ ಜಾಗದಲ್ಲೇ ಕೂತಿರುತ್ತವೆ. ಕೈಗೆ ಗ್ರೀಸು ಮೆತ್ತದೆ, ಚೈನಿನ ಬಿಗಿ ಕೆಡದೆ, ಗೋಣಿಯೊಂದನ್ನು ಹಾಸಿ ಕೂತು ಪಂಕ್ಚರು ಹಾಕಬಹುದು. ಸಂಜೆ ಚಕ್ರ ಬಿಚ್ಚುವವನನ್ನು ನೆನೆದು ಯಾರೋ ಪ್ರಾಗಿನ ಡ್ರಾಯಿಂಗ್ ಬೋರ್ಡಿನ ಮುಂದೆ ಅಷ್ಟು ಹೊತ್ತು ಕೂತಿದ್ದಾರೆ. ಟೈರ್ ಲಿವರುಗಳನ್ನು ನಾನು ಸೈಕಲ್ ಅಂಗಡಿಯಲ್ಲಿ ಕೊಳ್ಳಲಿಲ್ಲ, ಗುಂಡ್ಲುಪೇಟೆಯ ಕಮ್ಮಾರಸಾಲೆಯಲ್ಲಿ ಹಳೆಯ ಜೀಪಿನ ಪಟ್ಟಾದಿಂದ ಬಡಿಸಿದೆ. ಪಟ್ಟಾ ಉಕ್ಕು ಬಾಗಿದರೂ ಮತ್ತೆ ನೆಟ್ಟಗಾಗುತ್ತದೆ. ತುದಿಯನ್ನು ಕೊಕ್ಕರೆಯ ಕತ್ತಿನಷ್ಟು ಹದವಾಗಿ ಬಾಗಿಸಿ, ಟ್ಯೂಬು ಕಚ್ಚದಂತೆ ನುಣ್ಣಗೆ ಉಜ್ಜಿಕೊಟ್ಟವರು ಕೂಲಿ ಹೇಳುವಾಗ ಸಂಕೋಚಪಟ್ಟರು. ಚಾಮರಾಜೇಶ್ವರನ ಆಷಾಢದ ತೇರಿನ ಗಾಲಿಗೆ ಸನ್ನೆ ಹಾಕುವುದನ್ನು ನೋಡಿ ಬೆಳೆದ ನಮಗೆ, ಸರಿಯಾದ ಜಾಗಕ್ಕೆ ಕೊಟ್ಟ ಚಿಕ್ಕ ಕೋಲು ಎಷ್ಟು ಭಾರವನ್ನು ಅಲುಗಿಸುತ್ತದೆಂದು ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಇಂಥ ಕೆಲಸದಲ್ಲಿ ಮುಳುಗಿದವರು ಜಗತ್ತಿನ ತುಂಬ ಇದ್ದಾರೆ. ಜರ್ಮನಿಯ ಪೋರ್ಷೆ 356, 911ರಂಥ ಹಳೆಯ ಸ್ಪೋರ್ಟ್ಸ್ ಕಾರುಗಳ ಜೊತೆ ಸುರುಳಿ ಸುತ್ತುವ ಹತಾರದ ಚೀಲ ಬರುತ್ತಿತ್ತು. 1868ರಿಂದ ಹತಾರ ಮಾಡುತ್ತಿರುವ ರೆಮ್‌ಶೈಡ್ ಊರಿನ ಹಾಜೆಟ್ ಕಂಪನಿ ಸ್ಟೆಪ್ನಿಯ ಗುಳಿಯೊಳಗೆ ಕೂರುವ ದುಂಡನೆಯ ಡಬ್ಬಿಯನ್ನೇ ಮಾಡಿತ್ತು. ಜಾಗ್ವಾರ್ ಮಾರ್ಕ್ 2ರಲ್ಲೂ ಅಂಥದೇ ದುಂಡು ಪೆಟ್ಟಿಗೆ. ಆ ಕಾರುಗಳ ಪ್ರದರ್ಶನಗಳಲ್ಲಿ ತೀರ್ಪುಗಾರರು ಹತಾರದ ಚೀಲವನ್ನೂ ಬಿಚ್ಚಿ ನೋಡುತ್ತಾರೆ. ಸರಿಯಾದ ಮುದ್ರೆಯ, ಸರಿಯಾದ ವರ್ಷದ ಸ್ಪ್ಯಾನರಿಗಾಗಿ ವರ್ಷಗಟ್ಟಲೆ ಹುಡುಕುವವರಿದ್ದಾರೆ, ಸಿಕ್ಕರೆ ದೊಡ್ಡ ಬೆಲೆ ಕೊಡುವವರೂ ಇದ್ದಾರೆ. ಅವರ ಶ್ರದ್ಧೆ ನನಗೆ ಅರ್ಥವಾಗುತ್ತದೆ. ಒಂದು ಕಾಲದ ಕೆಲಸಗಾರಿಕೆ ಪೂರ್ತಿಯಾಗಿ, ಒಂದೂ ತುಂಡು ಕಳೆಯದೆ, ಒಂದೇ ಚೀಲದಲ್ಲಿ ಉಳಿಯಲಿ ಎಂಬ ಆಸೆ ಅದು. ಆದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟ ಸ್ಪ್ಯಾನರು ನನಗೆ ಬೇಡ. ನನ್ನ ಚೀಲದಲ್ಲಿ ಅಳತೆ, ಆಕಾರ, ಉಕ್ಕಿನ ಗುಣ ಹಳೆಯದರಂತೆಯೇ ಇರಬೇಕು. ಮುದ್ರೆ ಯಾರದಾದರೂ ಇರಲಿ. ತಿರುಪುಳಿ ನಾಶಿಕದ ಟಪಾರಿಯಾದ್ದು, ಹಸಿರು ಹಿಡಿಯದು. ಅದರ ಹಿಡಿ ಎಣ್ಣೆಗೈಯಲ್ಲೂ ಜಾರುವುದಿಲ್ಲ.

ಕಂಪನಿ ಕೊಡದೆ ರಸ್ತೆಯೇ ಸೇರಿಸುವ ವಸ್ತುಗಳು ಬೇರೆ. ಒಂದು ಕ್ಲಚ್ ವಯರು, ಒಂದು ಆಕ್ಸಿಲರೇಟರ್ ವಯರು. ಇವೆರಡನ್ನು ಚೀಲದಲ್ಲಿಡುವುದಕ್ಕಿಂತ ಗಾಡಿಯ ಮೇಲೆ ಈಗಿರುವ ವಯರಿನ ಪಕ್ಕಕ್ಕೇ ಹಾಯಿಸಿ ಎರಡೂ ತುದಿ ಟೇಪು ಸುತ್ತಿ ಬಿಟ್ಟರೆ, ಹಳೆಯದು ತುಂಡಾದಾಗ ತುದಿ ಬದಲಾಯಿಸಿದರೆ ಮುಗಿಯಿತು. ಚೈನ್ ಲಾಕ್ ಒಂದು. ಬೈಂಡಿಂಗ್ ವಯರು ಒಂದು ಸುತ್ತು. ಸಡಿಲವಾದ ಸೈಲೆನ್ಸರನ್ನು ಊರು ಮುಟ್ಟಿಸುವ ಶಕ್ತಿ ಇದಕ್ಕಿದೆ. ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿಗಳು. ಬಟ್ಟೆ ಸೋಪಿನ ಚೂರು. ಪೆಟ್ರೋಲ್ ಟ್ಯಾಂಕು ಎಲ್ಲಾದರೂ ಹನಿಸಿದರೆ ಸೋಪನ್ನು ಉಜ್ಜಿ ಅದುಮಿದರೆ ಸದ್ಯಕ್ಕೆ ನಿಲ್ಲುತ್ತದೆ. ಕಾರ್ಬೊರೇಟರಿನ ಜೆಟ್ಟಿನ ತೂತಿಗೆ ಸೇರಿದ ಕಸ ತೆಗೆಯಲು ಸೈಕಲ್ ಬ್ರೇಕ್ ವಯರಿನ ಒಂದೇ ಎಳೆ. ಸೂಜಿ ಹಾಕಬಾರದು, ತೂತು ದೊಡ್ಡದಾಗುತ್ತದೆ. ಕೈ ಒರೆಸಲು ಒಂದು ಹಿಡಿ ಬನಿಯನ್ ವೇಸ್ಟು. ಮತ್ತೆ ಟೂ-ಟಿ ಆಯಿಲ್ಲಿನ ಪುಟ್ಟ ಬಾಟಲಿ. ಒಂದು ಕಾಲಕ್ಕೆ ಎಲ್ಲ ಬಂಕುಗಳಲ್ಲೂ ಪೆಟ್ರೋಲ್ ಪಂಪಿನ ಪಕ್ಕ ಆಯಿಲ್ಲಿನ ಕೈಪಂಪು ನಿಂತಿರುತ್ತಿತ್ತು, ಹುಡುಗ ಒಂದು ಕೈಯಲ್ಲಿ ಆಯಿಲ್ ಎತ್ತಿ ಸುರಿಯುತ್ತಿದ್ದಂತೆ ಇನ್ನೊಂದು ಕೈಯಲ್ಲಿ ಪೆಟ್ರೋಲ್ ಬಿಡುತ್ತಿದ್ದ. ಟೂ-ಸ್ಟ್ರೋಕ್ ಗಾಡಿಗಳು ಹೋದ ಮೇಲೆ ಆ ಪಂಪುಗಳೂ ಹೋದವು.

ಚೀಲವನ್ನು ಹೊಲಿದುಕೊಟ್ಟವರು ಜೀಪು, ಆಟೋಗಳ ಸೀಟು ಹೊಲಿಯುವ ಅಂಗಡಿಯವರು. ಖಾಕಿ ಬಣ್ಣದ ದಪ್ಪ ಟಾರ್ಪಾಲಿನಲ್ಲಿ ಪ್ರತಿ ಹತಾರಕ್ಕೂ ಒಂದೊಂದು ಒರೆ. ಒರೆಯ ಆಳವನ್ನು ಹತಾರವಿಟ್ಟೇ ಅಳೆದು ಸುಣ್ಣದ ಕಡ್ಡಿಯಲ್ಲಿ ಗೆರೆ ಎಳೆದರು. ಮಡಚಿ ಸುತ್ತಿದರೆ ಪೆಟ್ಟಿಗೆಯೊಳಗೆ ಅಲುಗದೆ ಕೂರಬೇಕು. ಕಬ್ಬಿಣಕ್ಕೆ ಕಬ್ಬಿಣ ತಾಗಿ ಖಣಖಣ ಎಂದರೆ ದಾರಿಯುದ್ದಕ್ಕೂ ಎಂಜಿನ್ನಿನ ಸದ್ದೇ ಕೆಟ್ಟಿದೆಯೆಂಬ ಅನುಮಾನ ಬರುತ್ತಿರುತ್ತದೆ. ಮೊದಲು ಬೇಕಾಗುವುದು ಕೊನೆಗೆ ಹೋಗಬೇಕು; ಹಾಗಾಗಿ ಪ್ಲಗ್ ಸ್ಪ್ಯಾನರು ಎಲ್ಲಕ್ಕಿಂತ ಹೊರಗೆ.

ಗುಂಡ್ಲುಪೇಟೆಯ ಕವಲಿನ ಹತ್ತಿರ ಯೆಜ್ಡಿ ಬಲ್ಲ ಮೆಕ್ಯಾನಿಕ್ ಒಬ್ಬರಿದ್ದಾರೆ. ಮೊದಲ ಸಲ ಈ ಚೀಲವನ್ನು ಅವರ ಅಂಗಡಿಯ ಕಲ್ಲಿನ ಮೇಲೆ ಬಿಚ್ಚಿದಾಗ ಅವರು ಕೈ ಒರೆಸಿಕೊಂಡು ಬಂದು, ಒಂದೊಂದನ್ನೂ ಒರೆಯಿಂದ ಎಳೆದು ನೋಡಿ, ಮತ್ತೆ ಅದರದರ ಜಾಗದಲ್ಲೇ ಇಟ್ಟರು. ಟೈರ್ ಲಿವರನ್ನು ಮಾತ್ರ ಸ್ವಲ್ಪ ಹೊತ್ತು ಕೈಯಲ್ಲೇ ಇಟ್ಟುಕೊಂಡಿದ್ದರು.

“ಎಲ್ಲ ಚೆಂದಾಗದ ಸಾರ್. ಆದ್ರ ಕಾಡೊಳಗ ಇದ್ನ ಬಿಚ್ಚೋ ಹಂಗಿಲ್ಲ. ಇಲ್ಲೇ ಒಂದ್ಸಲ ಪ್ಲಗ್ ತಗ್ದು ನೋಡ್ಕಬುಡಿ,” ಎಂದರು.

ತೆಗೆದು ನೋಡಿದೆವು. ಪ್ಲಗ್ಗಿನ ಬಾಯಿ ಸುಟ್ಟ ಇಟ್ಟಿಗೆಯ ಬಣ್ಣಕ್ಕಿತ್ತು. ಆಯಿಲ್ಲು, ಪೆಟ್ರೋಲು, ಗಾಳಿ ಎಲ್ಲ ಹದವಾಗಿ ಬೆರೆತಾಗ ಬರುವ ಬಣ್ಣ ಅದು. ಅವರು ತಲೆಯಾಡಿಸಿ ಅದನ್ನೇ ಮತ್ತೆ ಹಾಕಿ ಬಿಗಿದರು. ಕಾಸು ಕೇಳಲಿಲ್ಲ. ಚೀಲದಲ್ಲಿ ಎರಡು ಪ್ಲಗ್ಗು ಇರಲಿ ಎಂದು ಆ ದಿನವೇ ತೀರ್ಮಾನಿಸಿದೆ, ಒಂದು ನನಗೆ, ಇನ್ನೊಂದು ದಾರಿಯಲ್ಲಿ ನಿಂತ ಯಾರಿಗಾದರೂ. ಮಾವನ ಚೀಲ ಯಾಕೆ ಬರಿದಾಯಿತೆಂದು ಬಲ್ಲವನು ನಾನು. ಇದೂ ಒಂದು ದಿನ ಬರಿದಾಗುವುದಾದರೆ ಹಾಗೆಯೇ ಆಗಲಿ.

ಸುತ್ತ ಚೆಂಡುಹೂವಿನ ಹೊಲಗಳು ಅರಳುವ ತಿಂಗಳುಗಳಲ್ಲಿ ಈ ರಸ್ತೆಯನ್ನು ನೋಡಬೇಕು. ಹೆದ್ದಾರಿಯ ಎರಡೂ ಬದಿಗೆ ಹಳದಿ, ಕಿತ್ತಳೆ. ಎದುರಿಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ನೀಲಿ ಸಾಲು. ಹೂವಿನ ಬಹುಪಾಲು ಬಣ್ಣದ ಸಾರ ತೆಗೆಯುವ ಕಾರ್ಖಾನೆಗಳಿಗೆ ಮೂಟೆಗಟ್ಟಲೆ ಹೋಗುತ್ತದೆ. ಒಂದಿಷ್ಟು ಆಯುಧಪೂಜೆಯವರೆಗೆ ಉಳಿಯುತ್ತದೆ. ಆ ದಿನ ಬೆಳಗ್ಗೆ ಗಾಡಿ ತೊಳೆದು, ಹ್ಯಾಂಡಲ್ಲಿಗೆ ಹಾರ ಹಾಕಿ, ಚೀಲ ಬಿಚ್ಚಿ ಹತಾರಗಳನ್ನೆಲ್ಲ ಬಾಳೆಯೆಲೆಯ ಮೇಲೆ ಅಳತೆಯ ಕ್ರಮದಲ್ಲಿ ಜೋಡಿಸುತ್ತೇವೆ. ಒಂದೊಂದಕ್ಕೂ ಅರಿಶಿನ ಕುಂಕುಮ, ಒಂದೊಂದು ಚೆಂಡುಹೂವು. ಮಾವ ಬಂದು ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಕುಂಕುಮದ ಒದ್ದೆಗೆ ತುಕ್ಕು ಹಿಡಿಯದಿರಲಿ ಎಂದು ಪೂಜೆಯಾದ ಕೂಡಲೇ ಒಂದೊಂದನ್ನೂ ಎಣ್ಣೆಬಟ್ಟೆಯಲ್ಲಿ ಒರೆಸುವ ಕೆಲಸ ಅವರದು. ಬೇರೆಯವರು ಮುಟ್ಟಿದರೆ ಒಪ್ಪುವುದಿಲ್ಲ.

ಒಂದು ಒರೆ ಇನ್ನೂ ಖಾಲಿಯಿದೆ. ಜಾವಾ, ಯೆಜ್ಡಿಯಲ್ಲಿ ಕಿಕ್ಕರ್ ಮತ್ತು ಗೇರು ಎರಡಕ್ಕೂ ಒಂದೇ ಲಿವರು. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಮಡಚಿ ಕೆಳಗಿಳಿಸಿದರೆ ಗೇರು. ಅದನ್ನು ಹಿಡಿದಿರುವ ಬೋಲ್ಟು ಸವೆದು ಆಡತೊಡಗಿದರೆ ಗಾಡಿ ಚಾಲೂ ಆಗುವುದೂ ಕಷ್ಟ, ಗೇರು ಬೀಳುವುದೂ ಕಷ್ಟ. ಕಾರ್ಖಾನೆಯ ಕಾಲದ ಆ ಬೋಲ್ಟು ನನಗೆ ಸಿಕ್ಕಿಲ್ಲ. ಈಗ ಲೇತಿನಲ್ಲಿ ಮಾಡಿಸಿದ್ದು ಮೆದು. ಮೈಸೂರಿನಲ್ಲಿ ಐಡಿಯಲ್ ಜಾವಾದಲ್ಲೇ ಕೆಲಸ ಮಾಡಿ, ಆಮೇಲೆ ಸ್ವಂತ ಗ್ಯಾರೇಜು ಇಟ್ಟವರೊಬ್ಬರ ಬಳಿ ಡಬ್ಬಿಯ ತುಂಬ ಹಳೆಯ ಬೋಲ್ಟುಗಳಿವೆಯಂತೆ. ಜುಲೈನ ಎರಡನೆಯ ಭಾನುವಾರ ಜಾವಾ ದಿನವೆಂದು ಗಾಡಿಯವರೆಲ್ಲ ಸೇರುವಾಗ ಅವರೂ ಬರುತ್ತಾರಂತೆ. ಹಳೆಯ ಬೋಲ್ಟನ್ನು ಬಿಚ್ಚಿ, ಅಳತೆಗೆಂದು ಕಾಗದದಲ್ಲಿ ಸುತ್ತಿ, ಗಾಡಿಯ ಚಾವಿಯ ಜೊತೆಗೇ ಇಟ್ಟಿದ್ದೇನೆ.